ಫರಸಿಯ ಮೇಲೆ ಬಿದ್ದ ಒಂದು ಹನಿ

ನಮ್ಮ ಸೇಡಂ, ಚಿತ್ತಾಪುರ ಭಾಗದ ಹಳೆಯ ಶಾಲೆಗಳ ಪ್ರಯೋಗಾಲಯಕ್ಕೆ ಹೋದರೆ ನಾನು ಮೊದಲು ನೋಡುವುದು ನೆಲವನ್ನು. ಫರಸಿ ಹಾಸಿದ ನೆಲವಾದರೆ ಮೇಜಿನ ಸುತ್ತ ಅಲ್ಲಲ್ಲಿ ಬಿಳಿಚಿಕೊಂಡ, ಮುಟ್ಟಿದರೆ ಒರಟಾದ ಕಲೆಗಳಿರುತ್ತವೆ. ಅವು ಹಿಂದಿನ ಮಕ್ಕಳ ಕೈಯಿಂದ ಜಾರಿ ಬಿದ್ದ ಆಮ್ಲದ ಹನಿಗಳು. ಪ್ರನಾಳದೊಳಗೆ ನಡೆಯಬೇಕಾದ ಪ್ರಯೋಗ ಕಾಲ ಕೆಳಗೇ ನಡೆದಿದೆ, ಯಾರೂ ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದಿಲ್ಲ.

"ಕಲ್ಲು ಗಟ್ಟಿ, ಅದಕ್ಕೇನು ಆಗ್ತದ?" ಎನ್ನುವವರು ಮನೆಮನೆಯಲ್ಲೂ ಇದ್ದಾರೆ. ಬಚ್ಚಲು ಹೊಲಸಾಯಿತೆಂದು ಅಂಗಡಿಯಿಂದ ಆ್ಯಸಿಡ್ ಬಾಟಲಿ ತಂದು ಸುರಿಯುತ್ತಾರೆ, ಬುಸ್ ಎಂದು ನೊರೆ ಏಳುತ್ತದೆ, ಕೊಳೆ ಕಿತ್ತು ಬಂತೆಂದು ಸಮಾಧಾನಪಡುತ್ತಾರೆ. ಆದರೆ ಆ ನೊರೆ ಬಂದದ್ದು ಕೊಳೆಯಿಂದಲ್ಲ, ಕಲ್ಲಿನಿಂದ. ಫರಸಿಯೆಂದು ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಹೆಚ್ಚು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೈಡ್ರೋಕ್ಲೋರಿಕ್ ಆಮ್ಲ ತಾಗಿದರೆ ಅದು ಕರಗಿ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಡುತ್ತದೆ. ಹೊಳಪು ಹೋದ ಫರಸಿಯಲ್ಲಿ ಮುಂದೆ ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ನಿಂಬೆಹುಳಿಯಾಗಲಿ ಹುಣಸೆಹುಳಿಯಾಗಲಿ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಗಟ್ಟಿತನ ಬೇರೆ, ಆಮ್ಲವನ್ನು ತಡೆಯುವ ಗುಣ ಬೇರೆ. ಇನ್ನೊಂದು ಮಾತು: ಆ್ಯಸಿಡ್‌ನ ಜೊತೆ ಬ್ಲೀಚಿಂಗ್ ಪುಡಿ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಕಲ್ಲಿನ ಬಣ್ಣದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಬೂದು, ನೀಲಿ ಛಾಯೆ, ಗುಲಾಬಿ ಎಂದು ಫರಸಿ ಹಲವು ಬಣ್ಣಗಳಲ್ಲಿ ಸಿಗುವುದರಿಂದ ಅವೆಲ್ಲ ಬೇರೆ ಬೇರೆ ಪದಾರ್ಥಗಳೆಂದು ಮಕ್ಕಳು ಬರೆಯುತ್ತಾರೆ. ಒಂದೊಂದು ಹನಿ ಹಾಕಿ ನೋಡಲಿ, ಎಲ್ಲವೂ ನೊರೆ ಕಾರುತ್ತವೆ. ಬಣ್ಣ ಕೊಡುವುದು ಅಲ್ಪಸ್ವಲ್ಪ ಬೆರೆತ ಬೇರೆ ವಸ್ತು. ಕಲ್ಲನ್ನು ಪುಡಿ ಮಾಡಿ ಸಾಕಷ್ಟು ಆಮ್ಲ ಹಾಕಿದರೂ ತಳದಲ್ಲಿ ಕೆಸರಿನಂಥದ್ದು ಉಳಿಯುತ್ತದೆ. ಪ್ರಯೋಗ ಕೆಟ್ಟಿತೆಂದು ಹುಡುಗರು ಮತ್ತಷ್ಟು ಆಮ್ಲ ಸುರಿಯುತ್ತಾರೆ. ಪ್ರಯೋಗ ಕೆಟ್ಟಿಲ್ಲ. ಉಳಿದದ್ದು ಜೇಡಿ ಮತ್ತು ಸಿಲಿಕಾ, ಅವು ಈ ಆಮ್ಲಕ್ಕೆ ಕರಗುವುದಿಲ್ಲ. ವಾಡಿಯಲ್ಲೂ ಸೇಡಂನಲ್ಲೂ ಸಿಮೆಂಟ್ ಗೂಡುಗಳು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಣ್ಣದ ಜೊತೆ ಬೆಸೆಯುವುದು ಸಿಲಿಕಾ, ಅಲ್ಯೂಮಿನಾಗಳನ್ನೇ.

"ಸರ್, ನೊರಿ ಬಂತ್ರಿ. ಕಾರ್ಬೊನೇಟ್ ಅಂತ ಬರೀಲೇನ್ರಿ?" ಲವಣ ಪರೀಕ್ಷೆಯ ದಿನ ಈ ಪ್ರಶ್ನೆ ಕೇಳದೆ ಹೋಗುವುದೇ ಇಲ್ಲ. ಬರೆಯಬೇಡ, ಇನ್ನೂ ನೋಡು ಎಂಬುದೇ ನನ್ನ ಉತ್ತರ. ಸಲ್ಫೈಟ್ ಲವಣಕ್ಕೆ ಆಮ್ಲ ಹಾಕಿದರೂ ಗುಳ್ಳೆ ಬರುತ್ತದೆ, ಆದರೆ ಆ ಅನಿಲ ಸಲ್ಫರ್ ಡೈಆಕ್ಸೈಡ್, ಗಂಧಕ ಸುಟ್ಟ ಘಾಟು. ಸಲ್ಫೈಡ್ ಆದರೆ ಕೊಳೆತ ಮೊಟ್ಟೆಯ ವಾಸನೆ. ಸುಣ್ಣದ ತಿಳಿನೀರು ಹಾಲಿನಂತಾದರೆ ಇಂಗಾಲದ ಡೈಆಕ್ಸೈಡೇ ಖಾತ್ರಿ ಎಂಬುದೂ ಅರ್ಧ ಸತ್ಯ. ಸಲ್ಫರ್ ಡೈಆಕ್ಸೈಡ್ ಕೂಡ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ಆಮ್ಲ ಬೆರೆಸಿದ ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ನೆನೆಸಿದ ಕಾಗದವನ್ನು ಪ್ರನಾಳದ ಬಾಯಿಗೆ ಹಿಡಿದರೆ ಸಲ್ಫರ್ ಡೈಆಕ್ಸೈಡ್ ಅದನ್ನು ಹಸಿರಾಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ಏನೂ ಮಾಡುವುದಿಲ್ಲ. ಹೀಗೆ ಎರಡು ಮೂರು ಗುರುತು ಒಂದೇ ಕಡೆ ಬೆರಳು ತೋರಿಸಿದಾಗಲೇ ಹೆಸರು ಬರೆಯಬೇಕು.

ಇದೇ ತಿಳಿನೀರು ಇನ್ನೊಂದು ರೀತಿಯಲ್ಲೂ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಅನಿಲವನ್ನು ಬಹಳ ಹೊತ್ತು ಬಿಟ್ಟರೆ ಹಾಲಿನಂತಾದದ್ದು ಮತ್ತೆ ತಿಳಿಯಾಗುತ್ತದೆ. ತಾನು ತಪ್ಪು ಮಾಡಿದೆ ಎಂದುಕೊಂಡ ಹುಡುಗಿ ಅದನ್ನು ಚೆಲ್ಲಿಬಿಡುತ್ತಾಳೆ. ಆದದ್ದು ಇಷ್ಟೇ: ಕರಗದ ಕಾರ್ಬೊನೇಟ್ ಹೆಚ್ಚು ಅನಿಲದೊಂದಿಗೆ ಸೇರಿ ಕರಗುವ ಬೈಕಾರ್ಬೊನೇಟ್ ಆಯಿತು. ಆ ತಿಳಿ ದ್ರಾವಣವನ್ನು ಕುದಿಸಿದರೆ ಬಿಳಿ ಮತ್ತೆ ಕಾಣಿಸುತ್ತದೆ. ಸುಣ್ಣದ ಕಲ್ಲಿನ ಸಂದಿಯಿಂದ ಬರುವ ನಮ್ಮ ಬೋರಿನ ನೀರಿನ ಕತೆಯೂ ಇದೇ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವನ್ನು "ಉಪ್ಪು" ಎನ್ನುತ್ತೇವೆ. ಉಪ್ಪಾಗಿದ್ದರೆ ನೀರಿಗೆ ಕರಗಬೇಕಿತ್ತು. ಆ ಹಕ್ಕಳೆಯ ಚೂರಿಗೆ ನಿಂಬೆರಸ ಹಿಂಡಿ ನೋಡಿ, ಗುಳ್ಳೆ ಏಳುತ್ತದೆ.

ನೊರೆ ಬರಲಿಲ್ಲವೆಂದ ಮಾತ್ರಕ್ಕೆ ಕಾರ್ಬೊನೇಟ್ ಇಲ್ಲವೆಂದೂ ಅಲ್ಲ. ಡಾಲಮೈಟ್ ಕಲ್ಲು ತಣ್ಣನೆಯ ಸಾರರಿಕ್ತ ಆಮ್ಲಕ್ಕೆ ಸುಮ್ಮನೆ ಕೂತಂತೆ ಕಾಣುತ್ತದೆ, ಪುಡಿ ಮಾಡಿ ಹಾಕಿದರೆ ನೊರೆ ಉಕ್ಕುತ್ತದೆ. ಚಿಂಚೋಳಿ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳದ್ದು, ಅದು ನಿಜಕ್ಕೂ ಸುಮ್ಮನಿರುತ್ತದೆ. ಕರಿಕಲ್ಲೂ ಹಾಗೆಯೇ, ಆದರೆ ಅದರ ಬಿರುಕಿನಲ್ಲಿ ಬಿಳಿ ಕ್ಯಾಲ್ಸೈಟ್ ತುಂಬಿದ್ದರೆ ಆ ಗೆರೆ ಮಾತ್ರ ನೊರೆ ಕಾರುತ್ತದೆ. ಹನಿ ಬಿದ್ದ ಜಾಗ ಯಾವುದೆಂದು ನೋಡದೆ ಉತ್ತರ ಬರೆದವರು ಇಲ್ಲಿ ಎಡವುತ್ತಾರೆ. ಫರಸಿಗೆ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ನೊರೆ ಬೇಗ ನಿಂತರೆ ಅದು ಬಡ ಆಮ್ಲ ಎಂದುಕೊಳ್ಳುವುದೂ ತಪ್ಪು. ಹೆಚ್ಚು ಕರಗದ ಕ್ಯಾಲ್ಸಿಯಂ ಸಲ್ಫೇಟ್ ಕಲ್ಲಿನ ಮೇಲೆ ಪದರವಾಗಿ ಕೂತು ಆಮ್ಲವನ್ನು ತಡೆದಿರುತ್ತದೆ, ಅಷ್ಟೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಆಮ್ಲ ಸುಡುತ್ತದೆ, ಪ್ರತ್ಯಾಮ್ಲ ಸೌಮ್ಯ ಎಂಬ ನಂಬಿಕೆ ಬಹಳ ಜನರ ಕಣ್ಣಿಗೆ ಕುತ್ತು ತಂದಿದೆ. ಆಮ್ಲದ ಬಾಟಲಿಯನ್ನು ಹೆದರುತ್ತ ಹಿಡಿಯುವ ಹುಡುಗ ಸೋಡಿಯಂ ಹೈಡ್ರಾಕ್ಸೈಡ್ ಬಿಲ್ಲೆಯನ್ನು ಬರಿಗೈಯಲ್ಲಿ ಎತ್ತುತ್ತಾನೆ. ಕ್ಷಾರ ಚರ್ಮದ ಕೊಬ್ಬನ್ನು ಸಾಬೂನಿನಂತೆ ಕರಗಿಸುತ್ತ ಒಳಗೆ ಇಳಿಯುತ್ತದೆ. ಮೊದಲಿಗೆ ಬರೀ ಜಾರುಜಾರು ಅನ್ನಿಸುತ್ತದೆ, ಉರಿ ತಡವಾಗಿ ಬರುತ್ತದೆ. ಹಸಿ ಸಿಮೆಂಟಿನ ಪಿಎಚ್ 12ರಿಂದ 13. ದಿನವಿಡೀ ಅದರಲ್ಲಿ ಕೈಯಾಡಿಸುವ ಗೌಂಡಿಗಳ ಬೆರಳ ತುದಿ ನೋಡಿದರೆ ಸಾಕು. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿ, ಅದು ಸಿಡಿದು ಕಣ್ಣಿಗೆ ಬಿದ್ದು ದೃಷ್ಟಿ ಕಳೆದುಕೊಂಡದ್ದೂ ಇದೆ. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಆಮ್ಲ ಬಿದ್ದರೆ ಸುಣ್ಣ ಹಚ್ಚು, ಸುಣ್ಣ ಬಿದ್ದರೆ ನಿಂಬೆ ಹಿಂಡು ಎನ್ನುವವರ ಮಾತು ಕೇಳಬೇಡಿ. ಅವೆರಡೂ ಸೇರುವಾಗ ಬಿಸಿ ಹುಟ್ಟುತ್ತದೆ, ಸುಟ್ಟ ಗಾಯ ಇನ್ನಷ್ಟು ಸುಡುತ್ತದೆ. ಬೇಕಾದದ್ದು ಹರಿಯುವ ನೀರು, ಕನಿಷ್ಠ 20 ನಿಮಿಷ. ಕಣ್ಣಾದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತಲೇ ಇರಬೇಕು, ಆಮೇಲೆ ತಡಮಾಡದೆ ಆಸ್ಪತ್ರೆ. ಮೈಮೇಲೆ ಬಿದ್ದದ್ದು ಒಣ ಸುಟ್ಟ ಸುಣ್ಣವಾದರೆ ಮೊದಲು ಒಣಗಿದ್ದಾಗಲೇ ಕೊಡವಿ, ನಂತರ ನೀರು. ಸಾರೀಕೃತ ಆಮ್ಲವನ್ನು ತೆಳು ಮಾಡುವಾಗ ನೀರಿಗೆ ಆಮ್ಲವನ್ನು ತುಸುತುಸುವೇ ಸೇರಿಸಬೇಕು, ಆಮ್ಲಕ್ಕೆ ನೀರನ್ನಲ್ಲ.

ಪ್ರಬಲ ಮತ್ತು ಸಾರೀಕೃತ ಎಂಬ ಎರಡು ಪದಗಳನ್ನು ಒಂದೇ ಎಂದುಕೊಳ್ಳುವುದೂ ಅಪಾಯಕಾರಿ. ಅಸಿಟಿಕ್ ಆಮ್ಲ ದುರ್ಬಲ, ಆದರೆ ನೀರಿಲ್ಲದ ಶುದ್ಧ ರೂಪದಲ್ಲಿ ಅದು ಚರ್ಮ ಸುಡುತ್ತದೆ. ಪಿಎಚ್ 5ಕ್ಕೂ 3ಕ್ಕೂ ನಡುವೆ ಎರಡು ಮೆಟ್ಟಿಲ ಅಂತರವಷ್ಟೇ ಅನ್ನಿಸಬಹುದು, ಹೈಡ್ರೋಜನ್ ಅಯಾನುಗಳ ಸಾರತೆಯಲ್ಲಿ ಅದು 100 ಪಟ್ಟು. ಅರಿಶಿನದ ಕಾಗದ ಕೆಂಪಾಗಲಿಲ್ಲವೆಂದು ದ್ರಾವಣ ಆಮ್ಲವೆಂದು ಬರೆಯುವುದೂ ಸಲ್ಲದು. ಅರಿಶಿನ ಆಮ್ಲದಲ್ಲೂ ಹಳದಿ, ಬರೀ ನೀರಿನಲ್ಲೂ ಹಳದಿ.

ಒಮ್ಮೆ ಒಬ್ಬ ಹುಡುಗ ಕೇಳಿದ: "ಸರ್, ಸುಣ್ಣ ಹಾಕಿದ್ರ ಹೊಲ ಸುಧಾರಸ್ತದಂತರಿ, ನಮ್ಮ ತೊಗರಿ ಹೊಲಕ್ಕ ಹಾಕಬೇಕೇನ್ರಿ?" ಹುಳಿ ಮಣ್ಣಿನ ಮಲೆನಾಡಿಗೆ ಸುಣ್ಣ ಬೇಕು, ನಿಜ. ನಿನ್ನ ಹೊಲದ ಮಣ್ಣನ್ನೇ ಕೇಳೋಣ ಎಂದೆ. ಮರುದಿನ ಅವನು ಕಾಗದದಲ್ಲಿ ಒಂದು ಹಿಡಿ ಎರೆ ಮಣ್ಣು ಕಟ್ಟಿಕೊಂಡು ಬಂದ, ಅದರಲ್ಲಿ ಬಟಾಣಿ ಗಾತ್ರದ ಬಿಳಿ ಗಂಟುಗಳಿದ್ದವು. ಹನಿ ಹಾಕಿದ್ದು ಅವನೇ. ಗಂಟು ಬುಸುಗುಟ್ಟಿತು, ಸುತ್ತಲಿನ ಮಣ್ಣೂ ಸಣ್ಣಗೆ ಗುಳ್ಳೆ ಬಿಟ್ಟಿತು. "ಸುಣ್ಣ ಮೊದಲೇ ಅದ ಅಲ್ರಿ ಸರ್" ಎಂದು, ಅವನು ಉಳಿದ ಮಣ್ಣನ್ನು ಜೋಪಾನವಾಗಿ ಕಾಗದಕ್ಕೆ ಮತ್ತೆ ಕಟ್ಟಿದ.