ಬಿಟ್ಟ ಚೆಂಡುಗಳ ಲೆಕ್ಕ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ 30 ತಂಡಗಳಿವೆ. ಒಂದೊಂದೂ ಸೀಸನ್ನಿಗೆ 162 ಪಂದ್ಯ ಆಡುತ್ತದೆ. ಗುಣಿಸಿ, ಪಂದ್ಯಕ್ಕೆ ಎರಡು ತಂಡವೆಂದು ಅರ್ಧ ಮಾಡಿದರೆ 2,430. ಇಷ್ಟೂ ಆರು ತಿಂಗಳಲ್ಲಿ ಮುಗಿದುಹೋಗುತ್ತವೆ. 1877ರಲ್ಲಿ ಶುರುವಾದ ಟೆಸ್ಟ್ ಕ್ರಿಕೆಟ್ಟಿನಲ್ಲಿ ಎಲ್ಲ ದೇಶಗಳೂ ಸೇರಿ ಇವತ್ತಿನವರೆಗೆ ಆಡಿರುವುದು ಎರಡೂವರೆ ಸಾವಿರ ಚಿಲ್ಲರೆ ಪಂದ್ಯ. ನಾವು ಸುಮಾರು ನೂರೈವತ್ತು ವರ್ಷ ತೆಗೆದುಕೊಂಡ ಎಣಿಕೆಯನ್ನು ಅವರು ಒಂದು ಬೇಸಿಗೆಯಲ್ಲಿ ಹೆಚ್ಚುಕಡಿಮೆ ಮುಟ್ಟುತ್ತಾರೆ. ಅಲ್ಲಿ ಒಂದು ಸೀಸನ್ನಿನಲ್ಲಿ ಎಸೆಯುವ ಚೆಂಡುಗಳೇ ಸುಮಾರು ಏಳು ಲಕ್ಷ.

ಇಷ್ಟು ಲೆಕ್ಕ ಕೈಗೆ ಸಿಕ್ಕರೆ ಯಾವ ಜಗಳವನ್ನಾದರೂ ಬಗೆಹರಿಸಬಹುದು ಅನ್ನಿಸುತ್ತದೆ. ಆದರೆ ಬೇಸ್‌ಬಾಲಿನವರು ಬಹಳ ಕಾಲ ಒಂದು ಮುಖ್ಯ ಬಾಬ್ತನ್ನು ಬ್ಯಾಟ್ಸ್‌ಮನ್ನನ ಖಾತೆಗೆ ಬರೆಯಲೇ ಇಲ್ಲ. ಆ ಆಟದಲ್ಲಿ ನಾಲ್ಕು ಕೆಟ್ಟ ಎಸೆತಗಳನ್ನು ಮುಟ್ಟದೆ ಬಿಟ್ಟರೆ ಬ್ಯಾಟ್ಸ್‌ಮನ್ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋಗುತ್ತಾನೆ. ಬ್ಯಾಟಿಂಗ್ ಸರಾಸರಿಯಲ್ಲಿ ಇದಕ್ಕೆ ಜಾಗವಿಲ್ಲ. ಆ ಆಟದ ಸ್ಕೋರುಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಹುಟ್ಟಿದವನು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಕೆಟ್ಟ ಎಸೆತ ಬೌಲರ್‌ನ ತಪ್ಪು, ಬ್ಯಾಟ್ಸ್‌ಮನ್ನನ ಹೆಚ್ಚುಗಾರಿಕೆ ಏನಿದೆ ಎಂಬುದು ಅವನ ವಾದ. ನಾವು ವೈಡನ್ನು ಎಕ್ಸ್‌ಟ್ರಾಕ್ಕೆ ಹಾಕುವ ಬುದ್ಧಿಯೇ ಅದು. ನೂರು ವರ್ಷ ಕಳೆದ ಮೇಲೆ, ಕಾನ್ಸಾಸ್‌ನ ಬೀನ್ಸ್ ಡಬ್ಬಿ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾಯುತ್ತಿದ್ದ ಬಿಲ್ ಜೇಮ್ಸ್ ಎಂಬಾತ 1977ರಲ್ಲಿ ತಾನೇ ಪುಸ್ತಿಕೆ ಅಚ್ಚು ಹಾಕಿಸಿ ಇಂಥ ಲೆಕ್ಕಗಳನ್ನೆಲ್ಲ ಕೆದಕಲು ಕೂತ. ಬಿಡುವುದೂ ಆಟವೇ ಎಂದು ನಂಬಿದ ಬಡ ತಂಡ ಓಕ್ಲೆಂಡ್ 2002ರಲ್ಲಿ ಸತತ 20 ಪಂದ್ಯ ಗೆದ್ದಿತು.

ಇದನ್ನು ಇಟ್ಟುಕೊಂಡು ನಮ್ಮ ಕಡೆ ಬನ್ನಿ. ಚಾಮರಾಜನಗರ–ಗುಂಡ್ಲುಪೇಟೆ ನಡುವಿನ ಉಡಿಗಾಲವೇ ಆಗಲಿ, ಬೇರೆ ಯಾವ ಊರೇ ಆಗಲಿ, ಟಿ.ವಿ. ಇದ್ದ ಟೀ ಅಂಗಡಿಯಲ್ಲಿ ರಾಹುಲ್ ದ್ರಾವಿಡ್ ಆಡುವಾಗ ಕೇಳಿಬರುತ್ತಿದ್ದ ಮಾತು ಒಂದೇ: ‘ಏನ್ಲಾ ಇವ್ನು, ಬರೀ ಕುಟ್ತಾನೆ!’ ಕುಟ್ಟಿದ್ದು ಎಷ್ಟು? 164 ಟೆಸ್ಟ್, 13,288 ರನ್. ಈ ಅಂಕಿ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಎದುರಿಸಿದ ಚೆಂಡುಗಳು 31,258. ಟೆಸ್ಟ್ ಚರಿತ್ರೆಯಲ್ಲಿ ಇಷ್ಟು ಚೆಂಡು ಎದುರಿಸಿದವರು ಬೇರೆ ಇಲ್ಲ. ಕ್ರೀಸಿನಲ್ಲಿ ನಿಂತದ್ದು 44,152 ನಿಮಿಷ. ಊಟ, ನಿದ್ದೆ ಬಿಟ್ಟು ಹಗಲೂ ರಾತ್ರಿ ಬ್ಯಾಟು ಹಿಡಿದಿದ್ದರೆ ಭರ್ತಿ ಒಂದು ತಿಂಗಳು.

ಒಂದು ಕ್ರೀಸಿನಿಂದ ಇನ್ನೊಂದಕ್ಕೆ 58 ಅಡಿ. ದ್ರಾವಿಡ್ ಎದುರಿಸಿದ ಅಷ್ಟೂ ಚೆಂಡುಗಳ ದಾರಿಯನ್ನು ಒಂದರ ಮುಂದೊಂದು ಜೋಡಿಸಿದರೆ ಸುಮಾರು 552 ಕಿಲೋಮೀಟರ್. ಉಡಿಗಾಲದಿಂದ ಕಾಗೆ ಹಾರಿದ ಹಾಗೆ ನೇರ ಹೊರಟರೆ ವಿಜಯಪುರದ ಹೊಸ್ತಿಲು. ಅಷ್ಟು ದೂರದಲ್ಲಿ ಅವರು ಔಟಾದದ್ದು 254 ಸಲ. ಅಂದರೆ ಒಂದು ಸಲ ಪೆವಿಲಿಯನ್‌ಗೆ ಕಳಿಸಲು ಎದುರಾಳಿಗಳು ಸರಾಸರಿ 123 ಚೆಂಡು ಸುರಿಯಬೇಕಿತ್ತು, ಇಪ್ಪತ್ತು ಓವರ್ ಮೀರಿ. ಅದರಲ್ಲಿ ಆಫ್ ಸ್ಟಂಪಿನಾಚೆ ಹೋಗಲು ಬಿಟ್ಟ ಪ್ರತಿ ಚೆಂಡಿಗೂ ಸ್ಕೋರರ್ ಪುಸ್ತಕದಲ್ಲಿ ಸಿಗುವುದು ಒಂದು ಚುಕ್ಕಿ. ಬ್ಯಾಟು ಬೀಸಿ ಬೀಟ್ ಆದರೂ ಅದೇ ಚುಕ್ಕಿ. ಓವರ್ ಪೂರ್ತಿ ಚುಕ್ಕಿಯೇ ಆದರೆ ಸ್ಕೋರರ್ ಆರನ್ನೂ ಗೆರೆ ಎಳೆದು ಕೂಡಿಸಿ ಮೇಡನ್ ಎಂದು ಬೌಲರ್‌ಗೆ ಜಮಾ ಮಾಡುತ್ತಾನೆ. ಬಿಟ್ಟವನ ಹೆಸರಿಗೆ ಏನೂ ಇಲ್ಲ. ಚಾಡ್ವಿಕ್ ಬೇಸ್‌ಬಾಲಿಗೆ ಅಂಟಿಸಿದ ಜಾಡ್ಯ ನಮ್ಮ ಪುಸ್ತಕದಲ್ಲಿ ಇನ್ನೂ ಉಳಿದಿದೆ ಎಂದೇ ನನ್ನ ಅನಿಸಿಕೆ.

ಅನಿಲ್ ಕುಂಬ್ಳೆಯವರ ದಾರಿ ಇನ್ನೂ ಉದ್ದ. 132 ಟೆಸ್ಟ್‌ಗಳಲ್ಲಿ 40,850 ಚೆಂಡು, 722 ಕಿಲೋಮೀಟರ್. ಉಡಿಗಾಲದಿಂದ ಬೀದರ್ ದಾಟಿ ಔರಾದ್ ತನಕ, ಒಂದು ಬಲಗೈ. ಸಿಕ್ಕಿದ್ದು 619 ವಿಕೆಟ್. ಒಂದಕ್ಕೆ ಸರಾಸರಿ 66 ಚೆಂಡು, ಸರಿಯಾಗಿ 11 ಓವರ್.

ಈಗ 1999ರ ಫೆಬ್ರವರಿ 7. ದಿಲ್ಲಿಯ ಫಿರೋಜ್ ಷಾ ಕೋಟ್ಲಾ. 420 ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ಟಿಲ್ಲದೆ 101 ಮುಟ್ಟಿತ್ತು. ಆಮೇಲೆ 207ಕ್ಕೆ ಗಂಟುಮೂಟೆ, ಹತ್ತೂ ಕುಂಬ್ಳೆಗೆ. 26.3 ಓವರ್ ಅಂದರೆ 159 ಚೆಂಡು. ಅವರ ಮಾಮೂಲಿ ದರದಲ್ಲಿ ಅಷ್ಟು ಚೆಂಡಿಗೆ ಎರಡೂವರೆ ವಿಕೆಟ್ ಬರಬೇಕು. ಹತ್ತು ಬರುವ ಸಂಭವ ಎಷ್ಟು? ವಿಕೆಟ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೀಳುತ್ತವೆ ಎಂದುಕೊಂಡು ಸರಳವಾಗಿ ಲೆಕ್ಕ ಹಾಕಿದರೆ ಸುಮಾರು ಐದು ಸಾವಿರದಲ್ಲಿ ಒಂದು. ಕುಂಬ್ಳೆ ತಮ್ಮ ಜೀವಮಾನದಲ್ಲಿ ಟೆಸ್ಟ್ ಬೌಲಿಂಗ್ ಮಾಡಿದ್ದು 236 ಇನ್ನಿಂಗ್ಸ್. ಅಂಥ ಇಪ್ಪತ್ತು ಕುಂಬ್ಳೆಯರು ಹುಟ್ಟಿ, ನಿವೃತ್ತಿಯಾಗುವವರೆಗೆ ಹಾಕಿದರೆ ಒಬ್ಬನಿಗೆ ಒಮ್ಮೆ ದಕ್ಕೀತು. ಇಡೀ ಟೆಸ್ಟ್ ಚರಿತ್ರೆಯಲ್ಲಿ ದಕ್ಕಿದ್ದು ಮೂವರಿಗೆ: 1956ರಲ್ಲಿ ಜಿಮ್ ಲೇಕರ್, ಕುಂಬ್ಳೆ, 2021ರಲ್ಲಿ ಎಜಾಜ್ ಪಟೇಲ್.

ಆದರೆ ನನ್ನ ಲೆಕ್ಕದಲ್ಲೂ ಒಂದು ತೂತಿದೆ, ಅದರ ಹೆಸರು ಜಾವಗಲ್ ಶ್ರೀನಾಥ್. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಶ್ರೀನಾಥ್ ಚೆಂಡನ್ನು ಸ್ಟಂಪಿನಿಂದ ಆದಷ್ಟು ದೂರ ಹಾಕಿದರು, ಹತ್ತನೆಯದು ತಪ್ಪಿ ತಮಗೆ ಬೀಳದಿರಲಿ ಎಂದು. ಸಂಬಂಧವಿಲ್ಲದೆ ಬೀಳುತ್ತವೆ ಎಂಬ ಊಹೆ ಅಲ್ಲಿಗೆ ಕೈಕೊಟ್ಟಿತು. ಆ ಓವರಿನ ಅಂಕಿಗಳನ್ನಷ್ಟೇ ನೋಡಿದವರಿಗೆ ಶ್ರೀನಾಥ್‌ಗೆ ದಿಕ್ಕು ತಪ್ಪಿದೆ ಅಂತಲೇ ಕಾಣುತ್ತದೆ.

ಶ್ರೀನಾಥ್ ಮೈಸೂರಿನವರು. 1997ರವರೆಗೆ ಚಾಮರಾಜನಗರವೂ ಮೈಸೂರು ಜಿಲ್ಲೆಯ ಒಳಗೇ ಇದ್ದುದರಿಂದ, ಅವರನ್ನೂ ಬಿ.ಎಸ್. ಚಂದ್ರಶೇಖರ್ ಅವರನ್ನೂ ಉಡಿಗಾಲದವರು ನಮ್ಮ ಜಿಲ್ಲೆಯವರು ಎಂದುಕೊಂಡರೆ ತಪ್ಪಿಲ್ಲ. ಚಂದ್ರ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿತ್ತು. ಅದೇ ಕೈಯಿಂದ 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಬ್ಯಾಟಿನಿಂದ ಬಂದ ಒಟ್ಟು ರನ್ 167. ಗಳಿಸಿದ ರನ್ನಿಗಿಂತ ಕಿತ್ತ ವಿಕೆಟ್ಟೇ 75 ಹೆಚ್ಚು! 1977ರ ಕೊನೆಗೆ ಶುರುವಾದ ಮೆಲ್ಬರ್ನ್ ಟೆಸ್ಟ್‌ನಲ್ಲಿ ಮೊದಲ ಇನ್ನಿಂಗ್ಸ್ 52ಕ್ಕೆ 6, ಎರಡನೆಯದೂ 52ಕ್ಕೆ 6. ಅಚ್ಚಿನ ಮೊಳೆ ಎರಡು ಸಲ ಬಿದ್ದಿದೆ ಎಂದುಕೊಳ್ಳಬೇಕು.

ಇದೆಲ್ಲ ಬೆರಗು ಮಾತ್ರ. ಪ್ರಶ್ನೆ ಬೇರೆ: ಬ್ಯಾಟು ಹಿಡಿಯಲಾರದ ಈ ಮನುಷ್ಯನಿಂದ ತಂಡಕ್ಕೆ ಏನು ಸಿಕ್ಕಿತು? ಅವರಿದ್ದು ಭಾರತ ಗೆದ್ದ 14 ಟೆಸ್ಟ್‌ಗಳಲ್ಲಿ ಅವರ ವಿಕೆಟ್ 98, ಪಂದ್ಯಕ್ಕೆ ಏಳು. ಮಿಕ್ಕ 44ರಲ್ಲಿ 144, ಪಂದ್ಯಕ್ಕೆ ಮೂರು ಚಿಲ್ಲರೆ. ಚಂದ್ರ ಗೆಲ್ಲಿಸಿದರು ಎಂದು ಕೂಡಲೇ ಷರಾ ಬರೆಯುವ ಹಾಗಿಲ್ಲ. ಟೆಸ್ಟ್ ಗೆಲ್ಲಲು ಸಾಮಾನ್ಯವಾಗಿ ಇಪ್ಪತ್ತೂ ವಿಕೆಟ್ ಬೀಳಬೇಕು, ಆದ್ದರಿಂದ ಗೆದ್ದ ಪಂದ್ಯಗಳಲ್ಲಿ ಯಾವ ಬೌಲರ್‌ನ ಅಂಕಿಯೂ ಉಬ್ಬಿಯೇ ಇರುತ್ತದೆ. ಆದರೂ ಬೇಡಿ, ಪ್ರಸನ್ನ, ವೆಂಕಟರಾಘವನ್ ಇದ್ದ ಕಾಲದಲ್ಲಿ ಇಪ್ಪತ್ತರಲ್ಲಿ ಏಳು ಅಂದರೆ ಮೂರನೆಯ ಒಂದು ಪಾಲಿಗೂ ಜಾಸ್ತಿ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಇಂಗ್ಲೆಂಡ್ 101ಕ್ಕೆ ಕುಸಿದಾಗ ಚಂದ್ರ ಅವರ ಪಾಲು 38 ರನ್ನಿಗೆ 6. ಭಾರತ ನಾಲ್ಕು ವಿಕೆಟ್‌ಗಳಿಂದ ಗೆದ್ದು, ಆ ನೆಲದಲ್ಲಿ ಮೊದಲ ಸಲ ಸರಣಿ ಎತ್ತಿತು. ಚಂದ್ರ ಬ್ಯಾಟಿಗೆ ಇಳಿಯುವ ಪ್ರಸಂಗವೇ ಎರಡನೇ ಇನ್ನಿಂಗ್ಸ್‌ನಲ್ಲಿ ಬರಲಿಲ್ಲ.