ಮುಳುಗಲೊಲ್ಲದ ಕರಟ

ತಿಪಟೂರು ತಾಲ್ಲೂಕಿನ ನಮ್ಮ ನೊಣವಿನಕೆರೆಯ ಕಡೆ ತೆಂಗಿನ ಮರ ಕೊಡದ ವಸ್ತುಗಳು ಎರಡೇ, ಉಪ್ಪು ಮತ್ತು ಬುದ್ಧಿ, ಎಂದು ನನ್ನ ತಾಯಿಯವರು ಹೇಳುವುದುಂಟು. ಮಿಕ್ಕುದೆಲ್ಲವೂ ಹಿತ್ತಿಲಲ್ಲಿಯೇ ಬಿದ್ದಿರುತ್ತದೆ. ಗರಿ ಚಪ್ಪರಕ್ಕಾಯಿತು, ಗರಿಯ ಕಡ್ಡಿ ಪೊರಕೆಗಾಯಿತು, ಕಾಯಿಯ ಮೇಲಿನ ನಾರು ಹಗ್ಗಕ್ಕಾಯಿತು. ಯಾವುದಕ್ಕೂ ಆಗದೆ ಉಳಿದುದು ಬಚ್ಚಲ ಒಲೆಗೆ. ಆ ಒಲೆಯ ಬಾಯಿಗೆ ಬೀಳಬೇಕಾಗಿದ್ದ ಒಂದು ಕರಟವನ್ನು ತಪ್ಪಿಸಿ ತಂದು ಗಡಿಯಾರ ಮಾಡಿದ ಕಥೆ ಇದು. ಖರ್ಚು ಸೊನ್ನೆ. ಅವಮಾನದ ಲೆಕ್ಕ ಮಾತ್ರ ಬೇರೆ.

ನಮ್ಮ ನಡುಮನೆಯ ತೊಲೆಗೆ ತೆಂಗಿನ ಹಗ್ಗದ ಒಂದು ಉಯ್ಯಾಲೆಯಿದೆ. ಅದರ ಮೇಲೆ ಕುಳಿತುಕೊಳ್ಳುವ ಹಕ್ಕುದಾರರು ಇಬ್ಬರು: ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಬೇಸಗೆಯ ರಜೆಯಲ್ಲಿ ಇವರ ವ್ಯಾಜ್ಯ ದಿನಕ್ಕೆ ಹತ್ತು ಸಲವಾದರೂ ನನ್ನ ಬಳಿಗೆ ಬರುತ್ತಿತ್ತು. ಕುಳಿತವರಿಗೆ ಕಾಲ ಬೇಗ ಓಡುತ್ತದೆ, ನಿಂತವರಿಗೆ ತೆವಳುತ್ತದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದುದರಿಂದ ತೀರ್ಪು ಕೊಡುವುದು ಕಷ್ಟವಾಗಿತ್ತು. ಗೋಡೆಯ ಗಡಿಯಾರವನ್ನು ಓದಲು ಮಗನಿಗೆ ಇನ್ನೂ ಬಾರದು. ಅಕ್ಕ ಓದಿ ಹೇಳಿದರೆ ಅವನಿಗೆ ನಂಬಿಕೆಯಿಲ್ಲ. ಮೊಬೈಲು ಫೋನಿನಲ್ಲಿ ಗಂಟೆ ಇಡಬಹುದಾಗಿತ್ತು. ಆದರೆ ನಮ್ಮ ಮನೆಯಲ್ಲಿ ಮಕ್ಕಳ ಕೈಗೆ ಹೋದ ಫೋನು ಆ ದಿನ ಹಿಂದಿರುಗಿದ ಉದಾಹರಣೆಯಿಲ್ಲ.

ಇಬ್ಬರ ಕಣ್ಣೆದುರಿಗೂ ತಾನೇ ನಡೆದು, ತಾನೇ ಮುಗಿಯುವ ಗಡಿಯಾರವೊಂದು ಬೇಕಾಗಿತ್ತು. "ಹಾಗಾದರೆ ಗಳಿಗೆ ಬಟ್ಟಲು ಇಡು" ಎಂದರು ತಾಯಿಯವರು. ಹಿಂದೆ ಮದುವೆಯ ಮುಹೂರ್ತ ನೋಡಲು ಪುರೋಹಿತರು ನೀರಿನ ಮೇಲೆ ಬಟ್ಟಲು ತೇಲಿಬಿಡುತ್ತಿದ್ದುದನ್ನು ಅವರು ತಮ್ಮ ಅಜ್ಜಿಯಿಂದ ಕೇಳಿದ್ದರು. ಮನೆಯಾಕೆ ಎರಡು ನಿಬಂಧನೆಗಳನ್ನು ಹಾಕಿದಳು. ಒಂದು, ಹಣ ಖರ್ಚಾಗಕೂಡದು. ಎರಡು, ಅಡುಗೆಮನೆಯ ಪಾತ್ರೆ ಮುಟ್ಟಕೂಡದು. ಹೋದ ವರ್ಷ ಸೌರ ಒಲೆಯ ಪ್ರಯೋಗಕ್ಕೆಂದು ಆಕೆಯ ತವರಿನ ಪಾತ್ರೆಯೊಂದಕ್ಕೆ ನಾನು ಕಪ್ಪು ಬಣ್ಣ ಬಳಿದ ಪ್ರಸಂಗ ಇನ್ನೂ ಹಸಿಯಾಗಿಯೇ ಇತ್ತು.

ಗಳಿಗೆ ಬಟ್ಟಲಿನ ಏರ್ಪಾಡು ಬಹು ಸರಳ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ರಂಧ್ರದಿಂದ ನೀರು ಒಳಗೆ ಏರುತ್ತ ಬಂದು, ಬಟ್ಟಲು ತುಂಬಿದೊಡನೆ ಮುಳುಗುತ್ತದೆ. ಹಗಲು ರಾತ್ರಿಗಳು ಸೇರಿ ಅರವತ್ತು ಸಲ ಮುಳುಗುವ ತಾಮ್ರದ ಪಾತ್ರೆಯನ್ನು ಸೂರ್ಯಸಿದ್ಧಾಂತವು ವರ್ಣಿಸಿದೆ. ದಿನದ ಅರವತ್ತನೆಯ ಒಂದು ಭಾಗವೇ ಗಳಿಗೆ, ಅಂದರೆ ನಮ್ಮ 24 ನಿಮಿಷ. ಉಯ್ಯಾಲೆಯ ಒಂದು ಸರದಿಗೆ ಅರ್ಧ ಗಳಿಗೆ, 12 ನಿಮಿಷ, ಎಂದು ಇಬ್ಬರು ಕಕ್ಷಿದಾರರೂ ಒಪ್ಪಿದರು.

ತಾಮ್ರದ ಬಟ್ಟಲಿಗೆ ನಿಬಂಧನೆ ಅಡ್ಡ ಬಂದುದರಿಂದ ಕರಟವನ್ನು ಹುಡುಕಿದೆ. ಚಿಪ್ಪಿನ ರಾಶಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಅದರಲ್ಲಿ ಬಹುಪಾಲು ಕೊಬ್ಬರಿಯ ಚಿಪ್ಪು. ಸುಲಿಯದ ಕಾಯಿಗಳನ್ನು ಅಟ್ಟದ ಮೇಲೆ ಹಲವು ತಿಂಗಳು ಇಟ್ಟು, ಒಳಗಿನ ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟು ಗಡಗಡ ಅನ್ನುವವರೆಗೆ ಕಾದು, ಆಮೇಲೆ ಉಂಡೆ ಕೊಬ್ಬರಿಗೆ ಪೆಟ್ಟಾಗದಂತೆ ಚಿಪ್ಪನ್ನು ಒಡೆಯುತ್ತಾರೆ. ಕೊಬ್ಬರಿ ಇಡಿಯಾಗಿ ಬರುತ್ತದೆ, ಚಿಪ್ಪು ಚೂರಾಗುತ್ತದೆ. ಆದಕಾರಣ ಸಾರಿಗೆ ತುರಿದ ಕಾಯಿಯ ಹೋಳೇ ಗತಿ. ಕಣ್ಣುಗಳಿರುವ ಹೋಳನ್ನು ಆರಿಸಿದೆ. ತೆಂಗಿನಕಾಯಿಯ ಮೂರು ಕಣ್ಣುಗಳಲ್ಲಿ ಎರಡು ಗಟ್ಟಿ. ಮೊಳಕೆ ಹೊರಬರುವ ಮೂರನೆಯದು ಮೆತು. ಅದನ್ನು ಚುಚ್ಚಿದರೆ ತಳದಲ್ಲಿ ರಂಧ್ರ ಸಿದ್ಧ! ಪ್ರಕೃತಿಯೇ ಗಡಿಯಾರಕ್ಕೆಂದು ಕೊರೆದಿಟ್ಟಂತಿದೆ ಎಂದು ಮಕ್ಕಳಿಗೆ ಒಂದು ಚಿಕ್ಕ ಉಪನ್ಯಾಸವನ್ನೂ ಕೊಟ್ಟೆ.

ಕರಟವನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟೆವು. ನೀರು ಬುಗ್ಗೆಯಂತೆ ಚಿಮ್ಮಿ ಒಳನುಗ್ಗಿತು. ಅರ್ಧ ನಿಮಿಷದಲ್ಲಿ ಕರಟ ಅಂಚಿನವರೆಗೂ ತುಂಬಿತು. ತುಂಬಿ, ನೀರಿನ ಮಟ್ಟದಲ್ಲಿಯೇ ನಿಂತುಬಿಟ್ಟಿತು. ಐದು ನಿಮಿಷ ಕಾದೆವು. ಅದು ಮುಳುಗಲೇ ಇಲ್ಲ.

"ಅಪ್ಪಾ, ಆರ್ಕಿಮಿಡೀಸನ ನಿಯಮ ನಮ್ಮ ಮನೆಗೆ ಅನ್ವಯಿಸುವುದಿಲ್ಲವೇ?" ಎಂದಳು ಮಗಳು. ಅಡುಗೆಮನೆಯಿಂದ, "ಅಂತೂ ಕೈಗೆ ಚಿಪ್ಪು ಬಂತು" ಎಂದು ಕೇಳಿಸಿತು.

ಹತ್ತು ವರ್ಷಗಳಿಂದ ನಾನು ಕಾಲೇಜಿನಲ್ಲಿ ದ್ರವಗಳ ಪಾಠ ಹೇಳುತ್ತಿದ್ದೇನೆ. ಆದರೂ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲವೆಂಬುದನ್ನು ವಾಚಕರಲ್ಲಿ ಒಪ್ಪಿಕೊಳ್ಳುವುದೇ ಮೇಲು. ರಾತ್ರಿ ಕಾಗದ ಹಿಡಿದು ಕುಳಿತೆ.

ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ತೂತಿನ ಬಟ್ಟಲಿಗೂ ಇದೇ ನಿಯಮ. ಆದರೆ ಒಳಗಿನ ನೀರನ್ನು ಹೊರಗಿನ ಅಷ್ಟೇ ಎತ್ತರದ ನೀರು ಸರಿದೂಗಿಸುತ್ತದೆ. ಇನ್ನು ಹೊರಬೇಕಾದುದು ಬಟ್ಟಲಿನ ಸ್ವಂತ ತೂಕ ಮಾತ್ರ. ಅದನ್ನು ಹೊರುವುದು ಒಳಮಟ್ಟಕ್ಕಿಂತ ಹೊರಮಟ್ಟ ಎಷ್ಟು ಮೇಲಿದೆಯೋ ಅಷ್ಟು ನೀರಿನ ಪದರ. 60 ಗ್ರಾಂ ತೂಕದ ಕರಟವೊಂದರ ಬಾಯಿಯ ವಿಸ್ತೀರ್ಣ 80 ಚದರ ಸೆಂಟಿಮೀಟರು ಎನ್ನೋಣ. ನೀರು ಬಾಯಿಯ ಸಮೀಪಕ್ಕೆ ಬಂದಾಗ ಒಳಹೊರಗಿನ ಮಟ್ಟಗಳ ಅಂತರ ಮುಕ್ಕಾಲು ಸೆಂಟಿಮೀಟರು ಇರಬೇಕಾಯಿತು. ನೀರನ್ನು ಒಳಕ್ಕೆ ತಳ್ಳುವ ಶಕ್ತಿಯೆಲ್ಲ ಈ ತೆಳುಪದರದ್ದು. ಇಟಲಿಯ ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮದಂತೆ, ರಂಧ್ರದಿಂದ ನುಗ್ಗುವ ನೀರಿನ ವೇಗವು ಅಷ್ಟೇ ಎತ್ತರದಿಂದ ಬಿದ್ದ ಕಲ್ಲಿನ ವೇಗಕ್ಕೆ ಸಮ. ಮುಕ್ಕಾಲು ಸೆಂಟಿಮೀಟರಿಗೆ ಅದು ಸೆಕೆಂಡಿಗೆ ಸುಮಾರು 38 ಸೆಂಟಿಮೀಟರು.

ಇಲ್ಲಿ ಒಂದು ಸೊಗಸಿದೆ. ತೂತಿನ ಕೊಡದಿಂದ ನೀರು ಸುರಿಯುವಾಗ ಕೊಡದ ಮಟ್ಟ ಇಳಿದಂತೆ ಧಾರೆ ಕ್ಷೀಣಿಸುತ್ತದೆ; ಮಟ್ಟ ಕಾಲುಭಾಗಕ್ಕೆ ಇಳಿದರೆ ವೇಗ ಅರ್ಧವಾಗುತ್ತದೆ. ತೇಲುವ ಬಟ್ಟಲಿನಲ್ಲಿ ಹಾಗಲ್ಲ. ಅದು ನೀರಿನೊಡನೆ ತಾನೂ ಇಳಿಯುತ್ತ, ಮಟ್ಟಗಳ ಅಂತರವನ್ನು ತನ್ನ ಜೊತೆಯಲ್ಲಿಯೇ ಒಯ್ಯುತ್ತದೆ. ನೇರ ಗೋಡೆಯ ತೆಳು ಲೋಹದ ಬಟ್ಟಲಾದರೆ ಮೊದಲಿನಿಂದ ಕೊನೆಯವರೆಗೆ ನೀರು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಏರುತ್ತದೆ. ಕರಟದ ತಳ ಕಿರಿದಾದುದರಿಂದ ಮೊದಮೊದಲು ಅಂತರ ಹೆಚ್ಚಿದ್ದು, ಬರಬರುತ್ತ ಕಡಿಮೆಯಾಗುತ್ತದೆ. ಆದರೇನು? ಉಯ್ಯಾಲೆಗೆ ಬೇಕಾದುದು ಪ್ರತಿಸಲವೂ ಒಟ್ಟು ಅಷ್ಟೇ ಕಾಲ.

ನಾನು ಮರೆತದ್ದು ಕರಟದ ಗೋಡೆಯನ್ನು. ಗೋಡೆಯೂ ನೀರಿನೊಳಕ್ಕೆ ಇಳಿಯುತ್ತದೆ, ಇಳಿದಷ್ಟೂ ತಾನೇ ನೀರನ್ನು ಸರಿಸಿ ಹಗುರವಾಗುತ್ತದೆ. ತಾಮ್ರ ನೀರಿನ ಸುಮಾರು ಒಂಬತ್ತರಷ್ಟು ಸಾಂದ್ರ. 60 ಗ್ರಾಂ ತಾಮ್ರದ ಬಟ್ಟಲು ಪೂರ್ಣ ನೀರೊಳಗಾದರೂ ಕಳೆದುಕೊಳ್ಳುವುದು 7 ಗ್ರಾಂ. ಮುಳುಗಲು 53 ಗ್ರಾಂ ಉಳಿದಿರುತ್ತದೆ. ಕರಟವಾದರೋ ನೀರಿಗಿಂತ ತುಸುವೇ ಸಾಂದ್ರ. ನೀರಿನ 1.2ರಷ್ಟು ಎಂದು ಹಿಡಿದರೆ 60 ಗ್ರಾಮಿನಲ್ಲಿ 50 ಗ್ರಾಂ ಹೊರಟುಹೋಗಿ 10 ಗ್ರಾಂ ಮಾತ್ರ ಉಳಿಯಿತು! ಈ ಹತ್ತಕ್ಕೂ ಶತ್ರುಗಳಿದ್ದರು. ಹೊರಮೈಗೆ ಅಂಟಿದ ನಾರಿನಲ್ಲಿ ಸಿಕ್ಕಿದ ಗಾಳಿ ಒಂದು. ತುರಿದ ಕಾಯಿಯ ಎಣ್ಣೆಯ ಜಿಡ್ಡು ಇನ್ನೊಂದು. ಜಿಡ್ಡಾದ ಅಂಚನ್ನು ನೀರು ಒದ್ದೆ ಮಾಡದೆ ಉಬ್ಬಿ ನಿಲ್ಲುತ್ತದೆ. ನೀರಿನ ಮೇಲ್ಮೈ ಹಿಗ್ಗಿಸಿದ ಪೊರೆಯಂತೆ ವರ್ತಿಸುವುದನ್ನು ಮೇಲ್ಮೈ ಎಳೆತ ಎನ್ನುತ್ತೇವೆ. ಕರಟದ ಅಂಚಿನ ಸುತ್ತಳತೆ 30 ಸೆಂಟಿಮೀಟರಿಗೂ ಹೆಚ್ಚಿರುವುದರಿಂದ, ಈ ಪೊರೆಯೊಂದೇ ಎರಡು ಗ್ರಾಂ ತೂಕವನ್ನು ತಡೆಹಿಡಿಯಬಲ್ಲುದು. ಹಿಂದಿನವರು ತಾಮ್ರವನ್ನು ಆರಿಸಿದುದು ಬರಿಯ ಮಡಿಯ ದೃಷ್ಟಿಯಿಂದಲ್ಲ ಎಂದು ನನಗೆ ಮನವರಿಕೆಯಾದುದು ಆಗ.

ಮರುದಿನ, ತೂಕ ಸಾಲದಿದ್ದರೆ ಕೊಡೋಣವೆಂದು, ಮಕ್ಕಳು ಬೀಗದಕೈ ಕಳೆದಿದ್ದ ಸಣ್ಣ ಹಿತ್ತಾಳೆ ಬೀಗವೊಂದನ್ನು ಕರಟದೊಳಗೆ ಇಟ್ಟೆ. ಕರಟ ಮುಳುಗಿತು, ನಿಜ. ಆದರೆ ಒಮ್ಮೆ ತಡವಾಗಿ, ಒಮ್ಮೆ ಬೇಗನೆ. ಬೀಗ ಜಾರಿ ಒಂದು ಮಗ್ಗುಲಿಗೆ ಸೇರಿದರೆ ಕರಟ ವಾಲಿ, ಅಂಚಿನ ಮೇಲಿಂದ ನೀರು ಕುಡಿದುಬಿಡುತ್ತಿತ್ತು. ಚಿಕ್ಕ ಸರದಿ ಸಿಕ್ಕಿದವನು ಮಗ. ಅಂದು ಅವನು ಊಟ ಮಾಡಲಿಲ್ಲ.

ಪರಿಹಾರ ದೊರೆತುದು ಅನಿರೀಕ್ಷಿತವಾಗಿ. ಡಾರ್ವಿನ್ನನಂತೆಯೇ ಸ್ವತಂತ್ರವಾಗಿ ನಿಸರ್ಗದ ಆಯ್ಕೆಯ ತತ್ತ್ವವನ್ನು ಕಂಡ ಆಲ್‌ಫ್ರೆಡ್ ರಸೆಲ್ ವಾಲೆಸ್ 1856ರ ಡಿಸೆಂಬರಿನಲ್ಲಿ ಮಕಾಸರ್ ಬಂದರಿನಿಂದ ಆರು ದ್ವೀಪಗಳಿಗೆ ಸ್ಥಳೀಯರ ಹಾಯಿಹಡಗಿನಲ್ಲಿ ಹೊರಟನು. ಮಲಯ ದ್ವೀಪಸ್ತೋಮವನ್ನು ಕುರಿತು 1869ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ಹಡಗಿನ ಗಡಿಯಾರವನ್ನು ವರ್ಣಿಸಿದ್ದಾನೆ. ನೋಡಿದರೆ ಅದು ನೀರಿನ ಬಕೆಟ್ಟಿನಲ್ಲಿ ತೇಲುವ ಅರ್ಧ ತೆಂಗಿನ ಕರಟ! ತಳದ ಬಹು ಸಣ್ಣ ರಂಧ್ರದಿಂದ ಎಳೆಯಂತೆ ನೀರು ಚಿಮ್ಮಿ, ಗಂಟೆಗೆ ಸರಿಯಾಗಿ ಕರಟ ಮುಳುಗುತ್ತಿತ್ತು. ತನ್ನ ಗಡಿಯಾರದೊಡನೆ ಹೋಲಿಸಿ ನೋಡಿದಾಗ ಗಂಟೆಗೂ ಗಂಟೆಗೂ ಒಂದು ನಿಮಿಷದ ವ್ಯತ್ಯಾಸವೂ ಕಾಣುವುದು ಅಪರೂಪವಾಗಿತ್ತಂತೆ. ಹಡಗು ಓಲಾಡಿದರೂ ಬಕೆಟ್ಟಿನ ನೀರು ಮಟ್ಟವಾಗಿಯೇ ಇರುವುದರಿಂದ ಕೆಲಸ ಕೆಡುತ್ತಿರಲಿಲ್ಲ. ನನ್ನ ಕಣ್ಣಿಗೆ ಬಿದ್ದುದು ಆ ವರ್ಣನೆಯ ಒಂದು ಸಣ್ಣ ವಿವರ: ಕರಟವನ್ನು ಅವರು ಚೆನ್ನಾಗಿ ಹೆರೆದಿದ್ದರು.

ಮುಂದಿನ ಕೆಲಸ ಮಕ್ಕಳದು. ಮಗಳು ಮರಳುಕಾಗದದ ಹಳೆಯ ತುಂಡೊಂದರಿಂದ ಹೊರಮೈಯನ್ನು ಉಜ್ಜಿ ಉಜ್ಜಿ, ನಾರಿನ ಎಳೆಯೊಂದೂ ಉಳಿಯದಂತೆ ಕನ್ನಡಿ ಮಾಡಿದಳು. ಮಗ ಸೀಗೆಪುಡಿಯಲ್ಲಿ ತಿಕ್ಕಿ ಜಿಡ್ಡು ತೆಗೆದನು. (ಕರಟಕ್ಕಿಂತ ಹೆಚ್ಚು ಸೀಗೆಪುಡಿ ಅವನ ತಲೆಗೂ ಅಂಗಿಗೂ ಸೇರಿತು.) ಕಣ್ಣಿನ ತೂತು ಬಹಳ ದೊಡ್ಡದು, ಅದನ್ನು ಉಳಿದ ಮೇಣದಬತ್ತಿಯ ತುಂಡಿನಿಂದ ಮುಚ್ಚಿ, ಬಿಸಿ ಸೂಜಿಯಿಂದ ಮೇಣದಲ್ಲಿ ಹೊಸ ರಂಧ್ರ ಮಾಡಿದೆವು. ಮೇಣದ ಉಪಕಾರ ದೊಡ್ಡದು. ಗಟ್ಟಿ ಚಿಪ್ಪಿನಲ್ಲಿ ತಪ್ಪಿ ಕೊರೆದರೆ ತಪ್ಪೇ. ಮೇಣದಲ್ಲಿ ಕರಗಿಸಿ ತಿದ್ದಬಹುದು. ಮೊದಲ ಸಲ 17 ನಿಮಿಷ ಹಿಡಿಯಿತು. ಸೂಜಿಯನ್ನು ಒಮ್ಮೆ ತಿರುಗಿಸಿದಾಗ 11ಕ್ಕೆ ಇಳಿಯಿತು. ಮತ್ತೆ ಮುಚ್ಚಿ, ಮತ್ತೆ ಚುಚ್ಚಿ, ಆರನೆಯ ಪ್ರಯತ್ನಕ್ಕೆ 12 ನಿಮಿಷಕ್ಕೆ ಹತ್ತಿರ ಹತ್ತಿರ ಬಂದೆವು. ಅಂಚು ನೀರಿನ ಸಮಕ್ಕೆ ಬಂದು, ಒಂದು ಕ್ಷಣ ತಡೆದು, ಗುಳುಕ್ಕೆಂದು ಕರಟ ತಳ ಸೇರಿದಾಗ ಮನೆಯಲ್ಲೆಲ್ಲ ಚಪ್ಪಾಳೆ. ಮನೆಯಾಕೆಯೂ ಸೌಟು ಹಿಡಿದುಕೊಂಡೇ ಬಂದು ನೋಡಿದಳು.

ಇದಾದ ಮೇಲೂ ಎರಡು ತೊಡಕುಗಳು ಕಂಡುಬಂದುವು. ಬೆಳಗಿನ ತಣ್ಣೀರಿನಲ್ಲಿ ಕರಟ ಮಧ್ಯಾಹ್ನಕ್ಕಿಂತ ತುಸು ನಿಧಾನ. ನೀರು ತಣ್ಣಗಾದಷ್ಟೂ ಅದರ ಸ್ನಿಗ್ಧತೆ ಹೆಚ್ಚುತ್ತದೆ. 30 ಡಿಗ್ರಿಗಿಂತ 20 ಡಿಗ್ರಿಯಲ್ಲಿ ಅದು ಸುಮಾರು ಕಾಲುಭಾಗ ಅಧಿಕ. ಸೂಜಿಯ ಮೊನೆಯಷ್ಟು ಕಿರಿದಾದ ದಾರಿಯಲ್ಲಿ ಇದು ಲೆಕ್ಕಕ್ಕೆ ಬರುತ್ತದೆ. ಬೆಳಗಿನ ಸರದಿಯನ್ನು ಯಾರು ತೆಗೆದುಕೊಳ್ಳಬೇಕೆಂಬುದಕ್ಕೆ ಹೊಸ ಜಗಳ ಹುಟ್ಟಿತು.

ಎರಡನೆಯದು ಇನ್ನೂ ಗಂಭೀರ. ಒಂದು ಸಂಜೆ ಮಗಳು ಉಯ್ಯಾಲೆಯ ಮೇಲೆ, ಮಗ ಬಕೆಟ್ಟಿನ ಬಳಿ. ಕಾಲು ಗಂಟೆ ಕಳೆದರೂ ಕರಟ ತೇಲುತ್ತಲೇ ಇತ್ತು. ಎತ್ತಿ ನೋಡಿದರೆ ರಂಧ್ರದಲ್ಲಿ ಉಯ್ಯಾಲೆಯ ಹಗ್ಗದಿಂದ ಉದುರಿದ ನಾರಿನ ಚೂರು. ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಮದುವೆಯ ಮುಹೂರ್ತಕ್ಕೆ ಇಟ್ಟ ಗಳಿಗೆ ಬಟ್ಟಲಿನೊಳಗೆ ಆಕೆಯ ಒಡವೆಯ ಮುತ್ತೊಂದು ಬಿದ್ದು, ರಂಧ್ರ ಮುಚ್ಚಿ, ಮುಹೂರ್ತವೇ ಮೀರಿಹೋದ ಕಥೆ ವಾಚಕರಿಗೆ ಗೊತ್ತಿರಬಹುದು. ಅದು ಇತಿಹಾಸವಲ್ಲ, ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಲೀಲಾವತೀ ಗ್ರಂಥವನ್ನು ಪಾರಸಿಗೆ ತಂದಾಗ ಹೇಳಿದ ದಂತಕಥೆ. ಆದರೆ ಕಥೆ ಕಟ್ಟಿದವರಿಗೆ ಗಳಿಗೆ ಬಟ್ಟಲಿನ ದೌರ್ಬಲ್ಯ ಚೆನ್ನಾಗಿ ತಿಳಿದಿತ್ತು. ನಾನು ಈ ಕಥೆ ಹೇಳಿ ಮುಗಿಸಿದಾಗ ಮಗ, "ಹಾಗಾದರೆ ಅಕ್ಕನೂ ನನಗೆ ಮೂರು ನಿಮಿಷ ಕೊಡಬೇಕು" ಎಂದಷ್ಟೇ ಹೇಳಿದನು. ಅಂದಿನಿಂದ ನೀರನ್ನು ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಹಾಕುತ್ತೇವೆ.

ಎರಡು ವಾರ ಕಳೆದ ಮೇಲೆ ಮಗಳು ದೂರು ತಂದಳು. ತಾನು ಕುಳಿತಾಗ ಕರಟ ಬೇಗ ಮುಳುಗುತ್ತದೆಯೆಂದು ಅವಳ ವಾದ. ನಾನು ಉಯ್ಯಾಲೆಯ ಮೇಲೆ ಕಾಲ ಬೇಗ ಓಡುವ ಹಳೆಯ ಮಾತನ್ನೇ ಹೇಳಿ ಕಳುಹಿಸಿದೆ. ಅವಳು ಒಪ್ಪದೆ, ಗೋಡೆಯ ಗಡಿಯಾರ ನೋಡಿ ಮೂರು ದಿನ ಬರೆದಿಟ್ಟಳು: ತನ್ನ ಸರದಿಗೆ 9 ನಿಮಿಷ, ತಮ್ಮನದಕ್ಕೆ 12. ಬಕೆಟ್ಟಿನ ತಳ ಹುಡುಕಿದಾಗ ಮುಳುಗಿದ ಕರಟದೊಳಗೆ ಮೂರು ಗಾಜಿನ ಗೋಲಿಗಳು ಸಿಕ್ಕಿದವು. ನೀರಿನಲ್ಲಿ ಅವುಗಳ ಉಳಿತೂಕ ಒಂಬತ್ತು ಗ್ರಾಮಿನಷ್ಟು. ಅಂದರೆ ಕೊನೆಯ ಘಟ್ಟದಲ್ಲಿ ಕರಟವನ್ನು ಕೆಳಗೆಳೆಯುವ ತೂಕವನ್ನು ಅವನು ಇಮ್ಮಡಿಯ ಸಮೀಪಕ್ಕೆ ತಂದಿದ್ದನು. ಬೀಗದಂತೆ ಒಂದು ಮಗ್ಗುಲಿಗೆ ವಾಲದೆ ಗುಂಡನೆಯ ಗೋಲಿಗಳು ತಳದಲ್ಲಿಯೇ ಕೂಡಿ ನಿಲ್ಲುತ್ತವೆ ಎಂಬುದನ್ನೂ ಕಂಡುಕೊಂಡಿದ್ದನು. ನನಗೆ ಇದು ಹೊಳೆದಿರಲಿಲ್ಲ.

ಗೋಲಿಗಳು ಈಗ ಅಜ್ಜಿಯ ಎಲೆಯಡಿಕೆ ಚೀಲದಲ್ಲಿವೆ. ಕಡಮೆಯಾದ ನಿಮಿಷಗಳನ್ನು ಮಗಳು ದಿನಕ್ಕೆ ಮೂರರಂತೆ ವಸೂಲು ಮಾಡುತ್ತಿದ್ದಾಳೆ.