ನಿದ್ದೆಗೆಟ್ಟ ವೈದ್ಯರು

ಜತ್ತ ತಾಲೂಕಿನ ಕನ್ನಡಿಗರಾದ ನಮಗೆ ರೋಗ ಮಿತಿಮೀರಿತೆಂದರೆ ಮಿರಜ, ಸಾಂಗಲಿಗಳೇ ಗತಿ. 1894ರಲ್ಲಿ ಡಾ. ವಾನ್ಲೆಸ್ ಅವರು ಮಿಶನ್ ಆಸ್ಪತ್ರೆ ತೆರೆದಂದಿನಿಂದ ಮಿರಜ ವೈದ್ಯರ ಊರೆನಿಸಿದೆ. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಬಂದಿತು. ನಮ್ಮ ಹಳ್ಳಿಯ ಮಕ್ಕಳೂ ಈಗ ವೈದ್ಯರಾಗುತ್ತಿದ್ದಾರೆ.

ಅಂಥ ಶಿಷ್ಯನೊಬ್ಬನನ್ನು ದೂರದ ಊರಿನ ಆಸ್ಪತ್ರೆಯಲ್ಲಿ ಕಂಡೆವು. ಎಂ.ಬಿ.ಬಿ.ಎಸ್. ಮುಗಿಸಿ, ಮುಂದಿನ ಪದವಿಗೆ ಓದುತ್ತ ವಾರ್ಡು ನೋಡಿಕೊಳ್ಳುವ ನಿವಾಸಿ ವೈದ್ಯನಾತ. ಹಿಂದಿನ ದಿನ ಮುಂಜಾನೆ ಕೆಲಸಕ್ಕೆ ನಿಂತವನು ಮರುದಿನ ಸಂಜೆಯಾದರೂ ಮನೆ ಕಂಡಿರಲಿಲ್ಲ. ನಮ್ಮ ಗುರುತು ಹಿಡಿಯಲು ಆತನಿಗೆ ಕ್ಷಣಕಾಲ ಬೇಕಾಯಿತು. “ಗುರುಗಳೇ, ಔಷಧದ ಪ್ರಮಾಣ ಬರಿಯೂ ಮುಂದ ಮೂರು ಸಲ ಓದಿಕೋತೀನ್ರಿ” ಎಂದನು. ದಿನವಿಡೀ ಪಾಠ ಹೇಳಿ ದಣಿದಾಗ ನಾವೂ ಹಲಗೆಯ ಮೇಲೆ ಲೆಕ್ಕ ತಪ್ಪುವುದುಂಟು. ಮಕ್ಕಳು ತೋರಿಸುತ್ತಾರೆ, ಅಳಿಸುತ್ತೇವೆ.

ನಿಯಮವೇ ಇಲ್ಲವೆಂದಲ್ಲ. ನಿವಾಸಿ ವೈದ್ಯರ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರಕಾರವು 1992ರಲ್ಲಿಯೇ ಸೂಚಿಸಿತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ಸಲಹೆ ಮಾಡಿದ್ದು ವಾರಕ್ಕೊಂದು ರಜೆ, 74 ಗಂಟೆಯ ಮಿತಿ. 32 ವರ್ಷಗಳಲ್ಲಿ ಮಿತಿಯು 26 ಗಂಟೆ ಬೆಳೆದುದನ್ನು ಓದುಗರು ಗಮನಿಸಬೇಕು! ನ್ಯೂಯಾರ್ಕಿನಲ್ಲಿ 1984ರಲ್ಲಿ ಯುವತಿಯೊಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಆಕೆಯ ತಂದೆ ಪಟ್ಟುಹಿಡಿದರು. 1989ರಲ್ಲಿ ಆ ರಾಜ್ಯವು 80 ಗಂಟೆಯ ಮಿತಿಯನ್ನು ಕಡ್ಡಾಯಗೊಳಿಸಿತು.

ಪಾಳಿ ಬದಲಾದರೆ ರೋಗಿಯ ಸ್ಥಿತಿ ಮುಂದಿನವರಿಗೆ ತಿಳಿಯದೆಂಬ ಆಕ್ಷೇಪವುಂಟು. ರಜೆ ಹೋಗುವ ಶಿಕ್ಷಕನು ಪಾಠಟಿಪ್ಪಣಿ ಬರೆದಿಟ್ಟು ಹೋಗಬೇಕೆಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ವಾರ್ಡಿನಲ್ಲಿಯೂ ಅದು ಆಗದ ಕೆಲಸವೇನಲ್ಲ. ಆದರೆ ಬರೆದಿಟ್ಟುದನ್ನು ಓದಲು ಎರಡನೆಯ ವೈದ್ಯನೊಬ್ಬನನ್ನು ನೇಮಿಸಬೇಕು.